ಒಂದು ಹೊಲಿಗೆಯೂ ಇಲ್ಲದ ಆಲ್ಬಂ

ತಂತಿಯಕ್ಕನಿಗೆ ಅಸಹ್ಯ ಮೂಗಿನಿಂದ ಶುರುವಾಗುತ್ತಿತ್ತು. ಬೆಳಗ್ಗೆ ಹತ್ತಕ್ಕೆ ಕ್ಲಬ್ಬಿನ ಹಿಂಬಾಗಿಲು ತೆಗೆದರೆ ಮೊದಲು ಹುಳಿತ ಬಿಯರಿನ ವಾಸನೆ, ಅದರ ಬೆನ್ನಿಗೆ ಸಿಗರೇಟು, ಅದರ ಬೆನ್ನಿಗೆ ಯಾರೋ ಕಕ್ಕಿದ್ದರ ಮೇಲೆ ಸುರಿದ ಫಿನಾಯಿಲು. ನೆಲ ಚಪ್ಪಲಿಯನ್ನು ಹಿಡಿದುಕೊಂಡರೆ ಬಿಡುತ್ತಿರಲಿಲ್ಲ. ರಾತ್ರಿ ಬಣ್ಣದ ದೀಪದಲ್ಲಿ ಮೆರೆಯುವ ಜಾಗ ಹಗಲಿನ ಟ್ಯೂಬ್‌ಲೈಟಿನಲ್ಲಿ ಹಲ್ಲುದುರಿದ ಬಾಯಿಯಂತೆ ಕಾಣುತ್ತಿತ್ತು. ಹರಿದ ಸೋಫಾ, ಗೋಡೆಯ ಮೇಲೆ ಒರಗಿದ ತಲೆಗಳ ಎಣ್ಣೆ ಗುರುತು, ಕುರ್ಚಿಯಡಿ ಅಂಟಿಸಿದ ಚೂಯಿಂಗ್ ಗಮ್. ಹನ್ನೆರಡು ವರ್ಷ ಆ ನೆಲದ ಮೇಲೆ ನಡೆದರೂ ಆಕೆಗೆ ಅದು ಅಭ್ಯಾಸವಾಗಿರಲಿಲ್ಲ. ಅಭ್ಯಾಸವಾಗದ್ದನ್ನೇ ಆಕೆ ತನ್ನ ಮರ್ಯಾದೆ ಅಂದುಕೊಂಡಿದ್ದಳು. ಮರ್ಯಾದೆ ಅಷ್ಟು ಸುಲಭಕ್ಕೆ ಸಿಗುವಂಥದ್ದಲ್ಲ ಅಂತ ಗೊತ್ತಾಗುವುದಕ್ಕೆ ಗ್ಲಾಸು ಎತ್ತುವ ಗುಬ್ಬಿ ಬೀಳಬೇಕಾಯಿತು.

ಆಕೆಯದು ಧ್ವನಿಯ ಕೆಲಸ. ಮೈಕು, ಸ್ಪೀಕರು, ಸದ್ದು ಹೊಂದಿಸುವ ಗುಂಡಿಗಳ ಕನ್ಸೋಲು ಎಲ್ಲ ಆಕೆಯ ಕೈಕೆಳಗೆ. ಪ್ರತಿ ರಾತ್ರಿಯ ಹಾಡನ್ನೂ, ಮೇಲೆ ತೂಗುಹಾಕಿದ ಮೈಕಿನಿಂದ ಜನರ ಸದ್ದನ್ನೂ ರೆಕಾರ್ಡ್ ಮಾಡಿಡುತ್ತಿದ್ದಳು. ಕುತ್ತಿಗೆಗೆ ಯಾವಾಗಲೂ ಎರಡು ಸುತ್ತು ಕೇಬಲ್ ಹಾಕಿಕೊಂಡು ಓಡಾಡುತ್ತಿದ್ದುದರಿಂದ ಕೆಲಸದವರು ಇಟ್ಟ ಹೆಸರು ತಂತಿಯಕ್ಕ. ಅಪ್ಪ ರೇಡಿಯೊ ರಿಪೇರಿ ಮಾಡುತ್ತಿದ್ದ. ಬೆಸುಗೆ ಹಾಕುವುದನ್ನು ಅಲ್ಲಿ ಕಲಿತಳು, ಮಿಕ್ಕಿದ್ದನ್ನೆಲ್ಲ ಕಿವಿಯೇ ಕಲಿಸಿತು. ಗಂಡ ಲಾರಿ ಓಡಿಸುತ್ತ ತಿಂಗಳಿಗೆ ನಾಲ್ಕು ದಿನ ಮನೆ ಸೇರುತ್ತಿದ್ದ. ಉಳಿದ ದಿನ ಮನೆಯಲ್ಲಿ ಆಕೆ ಮತ್ತು ಅತ್ತೆ. ಸೊಸೆಗೆ ಏನು ಕೆಲಸ ಅಂತ ನೆರೆಯವರು ಕೇಳಿದರೆ ಅತ್ತೆಯದು ಒಂದೇ ಉತ್ತರ: "ಗಲಾಟೆ ಕಾಯ್ತಾಳೆ. ಕಮ್ಮಿ ಆದ್ರೆ ಜಾಸ್ತಿ ಮಾಡ್ತಾಳೆ, ಜಾಸ್ತಿ ಆದ್ರೆ ಕಮ್ಮಿ ಮಾಡ್ತಾಳೆ. ನಮ್ಮನೇಲಿ ಮಾತ್ರ ಆ ಗುಂಡಿ ಕೆಟ್ಟೋಗಿದೆ."

ಆ ಕ್ಲಬ್ಬಿನಲ್ಲಿ ನಡೆಯುತ್ತಿದ್ದದ್ದು ಹೌಸ್ ಮ್ಯೂಸಿಕ್. ಎದೆಗೆ ಗುದ್ದಿದಂತೆ ಒಂದೇ ಸಮನೆ ಬಡಿತ, ನಿಮಿಷಕ್ಕೆ ನೂರಿಪ್ಪತ್ತನಾಲ್ಕು. ಒಂದು ಹಾಡು ಮುಗಿಯುವ ಮುಂಚೆ ಇನ್ನೊಂದನ್ನು ಬಡಿತಕ್ಕೆ ಬಡಿತ ಕೂಡಿಸಿ, ಕುಣಿಯುವ ಕಾಲಿಗೆ ಗೊತ್ತಾಗದ ಹಾಗೆ ಒಳಗೆ ಜಾರಿಸುವುದು ಡಿಜೆಯ ಕೆಲಸ. ಕೂಡಿದರೆ ಒಂದೇ ನದಿ ಹರಿದಂತೆ. ತಪ್ಪಿದರೆ ಮೆಟ್ಟಿಲ ಮೇಲೆ ಪಾತ್ರೆ ಉರುಳಿದಂತೆ.

ಡಿಜೆಗಳು ಇಬ್ಬರು. ಒಬ್ಬನಿಗೆ ನಡುನೆತ್ತಿಯಲ್ಲಿ ಜುಟ್ಟು. ಇನ್ನೊಬ್ಬ ಕತ್ತಲಲ್ಲೂ ಕಪ್ಪು ಕನ್ನಡಕ ತೆಗೆಯದವನು. ಕೆಲಸದವರ ಬಾಯಲ್ಲಿ ಅವರ ಹೆಸರು ಜುಟ್ಟು ಮತ್ತು ಕನ್ನಡಕ, ಅಷ್ಟೇ. ಜುಟ್ಟುವಿನ ಪ್ರಕಾರ ಕನ್ನಡಕ ಯಂತ್ರದ ಗುಂಡಿ ಒತ್ತಿ ಕೈಕಟ್ಟಿ ನಿಲ್ಲುವ ಸೋಮಾರಿ. ಕನ್ನಡಕನ ಪ್ರಕಾರ ಜುಟ್ಟು ಬಡಿತ ತಪ್ಪುವ ಕುಂಟುಕುದುರೆ. ಇಬ್ಬರ ಮಾತೂ ನಿಜವಾಗಿತ್ತು.

ಹೀಗಿರುವವರನ್ನು ಕ್ಲಬ್ಬಿನ ಮಾಲೀಕ ಒಂದು ಶನಿವಾರ ಒಂದೇ ಡಿಜೆ ಮೇಜಿನ ಮುಂದೆ ನಿಲ್ಲಿಸಿದ. ಊರೆಲ್ಲ ಪೋಸ್ಟರ್ ಹಚ್ಚಿಸಿದ. ಮುನ್ನೂರು ಜನ ಹಿಡಿಯುವ ಜಾಗಕ್ಕೆ ಐನೂರು ಜನ ನುಗ್ಗಿದರು. ಗುಬ್ಬಿ ಬಿದ್ದದ್ದು ಆ ರಾತ್ರಿ.

ಗುಬ್ಬಿ ಖಾಲಿ ಗ್ಲಾಸು ಎತ್ತುವಾಕೆ. ಮೂರು ವರ್ಷದಿಂದ ಅದೇ ಕೆಲಸ. ಮೈಯಲ್ಲಿ ಹಿಡಿ ಮಾಂಸವಿಲ್ಲದಿದ್ದರೂ ಒಂದರೊಳಗೊಂದು ಹದಿನೆಂಟು ಗ್ಲಾಸು ಪೇರಿಸಿ, ಭುಜಕ್ಕೆ ಒರಗಿಸಿಕೊಂಡು, ಕುಣಿಯುವ ಜನರ ನಡುವೆ ಒಂದೂ ತಾಗದಂತೆ ನುಸುಳುತ್ತಿದ್ದಳು. ಮೇಲಿನ ಗ್ಯಾಲರಿಯ ಕಬ್ಬಿಣದ ಕಟಕಟೆಗೆ ಒಂದು ಮೂಲೆಯಲ್ಲಿ ಬೆಸುಗೆ ಬಿಟ್ಟಿತ್ತು. ಗುಬ್ಬಿ ಮಾಲೀಕನಿಗೆ ಎರಡು ಸಲ ಹೇಳಿದಳು. ಎರಡನೆಯ ಸಲ ಮಾಲೀಕ ತಂತಿಯಕ್ಕನ ಕಡೆ ತಿರುಗಿ, "ನಿನ್ನ ಚೀಲದಲ್ಲಿ ಕೇಬಲ್ ಕಟ್ಟೋ ಪ್ಲಾಸ್ಟಿಕ್ ಪಟ್ಟಿ ಇರುತ್ತಲ್ಲ, ಸದ್ಯಕ್ಕೆ ಬಿಗಿದುಬಿಡು. ಆಮೇಲೆ ವೆಲ್ಡಿಂಗ್‌ನೋನ್ನ ಕರೆಸೋಣ" ಅಂದ. ತಂತಿಯಕ್ಕ ಮೂರು ಪಟ್ಟಿ ಬಿಗಿದಳು. ಮಾಲೀಕನ 'ಆಮೇಲೆ' ನಾಲ್ಕು ತಿಂಗಳಾದರೂ ಬರಲಿಲ್ಲ.

ಆ ಶನಿವಾರ ಹನ್ನೊಂದೂ ನಲವತ್ತೇಳಕ್ಕೆ ಗ್ಯಾಲರಿಯ ಜನ ಒಮ್ಮೆಲೇ ಮುಂದಕ್ಕೆ ಒತ್ತಿದರು. ಗ್ಲಾಸಿನ ಗೋಪುರ ಹೊತ್ತಿದ್ದ ಗುಬ್ಬಿ ಕಟಕಟೆಗೆ ಆತುಕೊಂಡಳು. ಪಟ್ಟಿಗಳು ಒಂದರ ಹಿಂದೊಂದು ಹರಿದವು. ಕಟಕಟೆ ಹೊರಕ್ಕೆ ಬಾಗಿತು. ಗುಬ್ಬಿ, ಹದಿನೆಂಟು ಗ್ಲಾಸು, ಅವುಗಳಲ್ಲಿ ಉಳಿದಿದ್ದ ಬಿಯರು ಎಲ್ಲ ಕೆಳಗಿನ ಸಿಮೆಂಟಿನ ಮೇಲೆ ಬಂದು ಬಿದ್ದವು. ತಂತಿಯಕ್ಕನ ಕನ್ಸೋಲು ಅಲ್ಲಿಂದ ನಾಲ್ಕು ಹೆಜ್ಜೆ. ಆಕೆ "ಗುಬ್ಬೀ" ಅಂತ ಕೂಗಿದ್ದು ಆಕೆಗೇ ಕೇಳಿಸಲಿಲ್ಲ. ನೋಡಿದ ಜನ ಕಿರುಚಿದರು. ಡಿಜೆಗಳಿಬ್ಬರೂ ಹೆಡ್‌ಫೋನಿನೊಳಗೆ ಕಿವಿ ಹುದುಗಿಸಿ, ತಲೆ ಬಗ್ಗಿಸಿ, ಬಾರಿಸುತ್ತಲೇ ಇದ್ದರು. ನಾಲ್ಕು ಜನ ಗುಬ್ಬಿಯನ್ನು ಮೇಜಿನ ಹಲಗೆಯ ಮೇಲೆ ಎತ್ತಿಕೊಂಡು ಹೋಗುವಾಗ ಬಡಿತ ಒಂದೂ ತಪ್ಪಲಿಲ್ಲ.

ಆಸ್ಪತ್ರೆಗೆ ಒಯ್ಯಲಿಲ್ಲ. ಬಾಗಿಲಲ್ಲಿ ಆಂಬುಲೆನ್ಸ್ ನಿಂತರೆ ಗಿರಾಕಿಗಳು ಹೆದರುತ್ತಾರೆ ಅಂತ ಮಾಲೀಕ ಅವಳನ್ನು ಉಗ್ರಾಣದಲ್ಲಿ ಬಿಯರ್ ಕ್ರೇಟುಗಳ ಮೇಲೆ ಮಲಗಿಸಿದ. ಕ್ಲಬ್ ಮುಚ್ಚುವ ತನಕ, ಒಂದೂಕಾಲು ಗಂಟೆ. ಸೊಂಟ ಎರಡು ಕಡೆ ಮುರಿದಿದ್ದ ಹೆಂಗಸು ಅಷ್ಟೂ ಹೊತ್ತು ಪಕ್ಕದ ಗೋಡೆಯಾಚೆಯ ಬಡಿತವನ್ನು ಬೆನ್ನುಮೂಳೆಯಲ್ಲಿ ಕೇಳಿಸಿಕೊಂಡಳು. ಆಸ್ಪತ್ರೆಯವರು ಅವಳ ಒದ್ದೆ ಬಟ್ಟೆ ಮೂಸಿ 'ಮದ್ಯದ ವಾಸನೆ' ಅಂತ ಬರೆದುಕೊಂಡರು.

ಮೂರನೆಯ ದಿನ ಮಾಲೀಕನ ಕಡೆಯಿಂದ ಒಂದು ಕಾಗದ ಬಂತು. ಅದರಲ್ಲಿದ್ದದ್ದು ಇಷ್ಟು: ಕ್ಲಬ್ ಮುಚ್ಚಿದ ಮೇಲೆ, ಹಿಂದಿನ ಮೆಟ್ಟಿಲಿನಲ್ಲಿ, ಮದ್ಯ ಸೇವಿಸಿದ್ದ ನೌಕರಳು ಕಾಲು ಜಾರಿ ಬಿದ್ದಳು. ಕೆಳಗೆ ಸಹಿ ಮಾಡಿದವರು ಬಿದ್ದದ್ದನ್ನು ಕಣ್ಣಾರೆ ಕಂಡಿಲ್ಲ. ಹದಿನಾಲ್ಕು ಕೆಲಸದವರು ಸಹಿ ಹಾಕಿದರು. ಹನ್ನೊಂದನೆಯ ಸಹಿ ತಂತಿಯಕ್ಕನದು. ಕುಣಿಯಲು ಬಂದ ಐನೂರು ಜನ ಯಾರೂ ಬಾಯಿ ಬಿಡಲಿಲ್ಲ. ಐನೂರು ಜನರಿಗೂ ಮರುದಿನ ಬೇರೆ ಕೆಲಸವಿತ್ತು. ಕಾರ್ಮಿಕ ಕಚೇರಿಯ ಅಧಿಕಾರಿ ಆ ಕಾಗದ ನೋಡಿ ಕಡತ ಮುಚ್ಚಿದ. ಕೆಲಸದ ಮೇಲೆ ಆದ ಗಾಯ ಅಲ್ಲ ಅಂತಾದ ಮೇಲೆ ಚಿಕಿತ್ಸೆಯ ಜವಾಬ್ದಾರಿ ಕ್ಲಬ್ಬಿಗಿಲ್ಲ. ಅದಕ್ಕಿಂತ ಹೊಲಸು ಇನ್ನೊಂದಿತ್ತು. ಗುಬ್ಬಿ ಜನ್ಮದಲ್ಲಿ ಕುಡಿದವಳಲ್ಲ. ಈಗ ಓಣಿಯಲ್ಲಿ ಅವಳ ಹೆಸರು 'ಕುಡಿದು ಬಿದ್ದೋಳು'.

ಮಾಲೀಕ ತಂತಿಯಕ್ಕನನ್ನು ಕರೆದು, "ದಿನಾ ರೆಕಾರ್ಡ್ ಮಾಡ್ತೀಯಲ್ಲ, ಆ ದಿನದ್ದು ಅಳಿಸಿಬಿಡು" ಅಂದಿದ್ದ. ಆಕೆ "ಅಳಿಸಿದೀನಿ ಸಾರ್" ಅಂದಿದ್ದಳು. ಅಳಿಸಿರಲಿಲ್ಲ. ಅದನ್ನು ಧೈರ್ಯ ಅನ್ನಬೇಡಿ. ಯಾರಿಗಾದರೂ ಕೊಡುವ ಧೈರ್ಯವೂ ಇರಲಿಲ್ಲ, ಅಳಿಸುವ ಧೈರ್ಯವೂ ಇರಲಿಲ್ಲ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಅನ್ನುವವರ ಕೈಯಲ್ಲಿ ಹಾವು ಕೊಬ್ಬುತ್ತದೆ.

ಏಳು ತಿಂಗಳ ಮೇಲೆ ಮಾಲೀಕನಿಗೆ ಆಲ್ಬಮ್ಮಿನ ಹುಚ್ಚು ಹತ್ತಿತು. ಜುಟ್ಟು ಮತ್ತು ಕನ್ನಡಕ ಸೇರಿ ಮಾಡಿದ ಎಪ್ಪತ್ತು ನಿಮಿಷದ ಮಿಕ್ಸ್. 'ಜನರ ಮುಂದೆ, ಒಂದೇ ಉಸಿರಿನಲ್ಲಿ, ನಾಲ್ಕು ಕೈಗಳಿಂದ.' ನಿಜದಲ್ಲಿ ಇಬ್ಬರೂ ಒಂದು ಕೋಣೆಯಲ್ಲಿ ಕೂರಲು ಒಪ್ಪಲಿಲ್ಲ. ಸೋಮವಾರ ಒಬ್ಬ ಬರುತ್ತಿದ್ದ, ಮಂಗಳವಾರ ಇನ್ನೊಬ್ಬ. ಸೋಮವಾರದವನು ಜೋರು ಮಾಡಿಸಿದ್ದನ್ನು ಮಂಗಳವಾರದವನು ಕಮ್ಮಿ ಮಾಡಿಸುತ್ತಿದ್ದ. ಕ್ಲಬ್ಬಿನ ಹಿಂದಿನ ಕಿಟಕಿಯಿಲ್ಲದ ಕೋಣೆಯಲ್ಲಿ ಕೂತು ಇಬ್ಬರ ಕುಂಟನ್ನೂ ಸರಿಪಡಿಸಿ, ಬಡಿತಕ್ಕೆ ಬಡಿತ ಹೊಂದಿಸಿ ಹೊಲಿದವಳು ತಂತಿಯಕ್ಕ. ಜುಟ್ಟು ಕಳಚಿಟ್ಟ ಹೆಡ್‌ಫೋನಿನ ಸ್ಪಂಜು ಬೆವರಿನಿಂದ ಒದ್ದೆಯಾಗಿರುತ್ತಿತ್ತು. ಪ್ರತಿ ಸಲ ಅದನ್ನು ಸ್ಪಿರಿಟ್ಟಿನಲ್ಲಿ ಒರೆಸಿ ಆಮೇಲೆ ತಾನು ಹಾಕಿಕೊಳ್ಳುತ್ತಿದ್ದಳು.

ಒಂದು ಸೋಮವಾರ ಜುಟ್ಟು ಕೇಳಿದ. "ಎಲ್ಲ ಸರಿ ಅಕ್ಕ, ಜನ ಎಲ್ಲಿ? ಜನರ ಮುಂದೆ ಬಾರಿಸಿದ್ದು ಅಂತ ಬರೆದು, ಒಳಗೆ ಸೊಳ್ಳೆ ಸದ್ದೂ ಇಲ್ಲದಿದ್ರೆ ಹೇಗೆ? ನಾವಿಬ್ಬರೂ ಒಟ್ಟಿಗೆ ಬಾರಿಸಿದ ಆ ಶನಿವಾರದ್ದು ಹಾಕು."

"ಅದು ಅಳಿಸಿಹೋಗಿದೆ."

ಆಕೆ ಚಹಾ ತರಲು ಹೋಗಿ ಬರುವಷ್ಟರಲ್ಲಿ ಅವನು ಆಕೆಯ ಕಂಪ್ಯೂಟರಿನಲ್ಲಿ ತಾರೀಕು ಹುಡುಕಿ ಅದನ್ನು ತೆಗೆದಿದ್ದ. ಕಣ್ಣು ಮುಚ್ಚಿ, ಜುಟ್ಟು ಕುಣಿಸುತ್ತ ಕೇಳುತ್ತಿದ್ದ.

"ಇಲ್ಲೇ ಇದೆಯಲ್ಲ ಅಕ್ಕ. ಕೇಳು, ಇಲ್ಲಿ ನಾನು ಗುದ್ದೋ ಬಾಸ್ ಸದ್ದು ತೆಗೆದು ನಾಲ್ಕು ಎಣಿಸಿ ವಾಪಸ್ ಬಿಟ್ಟೆ. ಪಟ್, ಪಟ್, ಪಟ್, ಮೂರು ಚಪ್ಪಾಳೆ. ಆಮೇಲೆ ಜನ ನೋಡು, ಹುಚ್ಚೆದ್ದುಬಿಟ್ಟಿದ್ದಾರೆ. ಹದಿನಾರು ವರ್ಷದಲ್ಲಿ ನನಗೆ ಇಂಥ ಕೂಗು ಬಂದಿಲ್ಲ."

ತಂತಿಯಕ್ಕನ ಕೈಯಲ್ಲಿ ಚಹಾದ ಲೋಟ ಸುಡುತ್ತಿತ್ತು. ಕೆಳಗಿಡಲು ತೋಚಲಿಲ್ಲ. "ಅದು ನಿನಗೆ ಬಂದ ಕೂಗಲ್ಲಪ್ಪ. ಚಪ್ಪಾಳೆಯೂ ಅಲ್ಲ, ನಾನು ಕಟ್ಟಿದ್ದ ಪಟ್ಟಿ ಹರಿದ ಸದ್ದು. ಗುಬ್ಬಿ ಬಿದ್ದದ್ದು ಅಲ್ಲಿ."

"ಗುಬ್ಬಿ ಬಿದ್ದಿದ್ದು ಕ್ಲಬ್ ಮುಚ್ಚಿದ್ಮೇಲೆ, ಹಿಂದಿನ ಮೆಟ್ಟಿಲಲ್ಲಿ" ಅಂದ ಜುಟ್ಟು. "ನೀನೇ ಸೈನ್ ಹಾಕಿದೀಯಲ್ಲ."

ವ್ಯಂಗ್ಯವಾಗಿ ಹೇಳಿದ್ದರೆ ಆಕೆ ತಿರುಗಿ ಬೈಯುತ್ತಿದ್ದಳು. ಅವನು ಮುಗ್ಧವಾಗಿ ಹೇಳಿದ. ತಲೆ ಎತ್ತದೆ ಬಾರಿಸಿದವನು ಏನನ್ನೂ ಕಂಡಿರಲಿಲ್ಲ. ಆಮೇಲೆ ಮಾಲೀಕ ಹೇಳಿದ್ದನ್ನು ನಂಬಿದ. ಅದಕ್ಕಿಂತ ಹೆಚ್ಚಾಗಿ ಆ ಕೂಗು ತನಗೇ ಬಂದದ್ದು ಅಂತ ನಂಬಿದ. ಒಬ್ಬ ಹೆಂಗಸಿನ ಸೊಂಟ ಮುರಿದಾಗ ಎದ್ದ ಚೀತ್ಕಾರವನ್ನು ತನ್ನ ಕೈಚಳಕಕ್ಕೆ ಸಿಕ್ಕ ಶಹಬ್ಬಾಸ್‌ಗಿರಿ ಅಂದುಕೊಳ್ಳಲು ಎಂಥ ಕಿವಿ ಬೇಕು? ಹದಿನಾರು ವರ್ಷ ತನ್ನ ಹೊಗಳಿಕೆಯನ್ನೇ ಕೇಳಿದ ಕಿವಿ ಬೇಕು.

"ಒಬ್ಬಳು ಹೆಸರು ಕೂಗ್ತಾಳೆ, ಕೇಳಿಸಲ್ವಾ?"

"ಯಾವಳೋ ಏನೋ ಕಿರುಚ್ತಾಳೆ. ಚೆನ್ನಾಗಿದೆ. ಅದನ್ನ ಇನ್ನೂ ಎರಡು ಸಲ ಬರೋ ಹಾಗೆ ಮಾಡು" ಅಂದು, ಆಕೆಯ ಕೈಯಿಂದ ಚಹಾ ತೆಗೆದುಕೊಂಡು ಸೊರ್ ಅಂತ ಹೀರಿದ.

ಮರುದಿನ ಕನ್ನಡಕ ಬಂದ. ಆಕೆ ಅವನಿಗೂ ಹೇಳಿದಳು. ಅವನು ಇಡೀ ತುಣುಕನ್ನು ಒಮ್ಮೆ ಕೇಳಿ, ಉಗುರು ನೋಡಿಕೊಳ್ಳುತ್ತ, "ಗೊತ್ತಕ್ಕ. ನಾನು ಅವತ್ತೇ ನೋಡಿದೆ" ಅಂದ. "ಗಾಜು ಒಡೆದದ್ದೂ ಕೇಳಿಸುತ್ತೆ. ಆದ್ರೆ ಯಾರಿಗೆ ಗೊತ್ತಾಗಬೇಕು ಹೇಳು. ಕುಣಿಯೋರಿಗೆ ಗಾಜಾದ್ರೇನು, ಗೆಜ್ಜೆಯಾದ್ರೇನು."

"ನೋಡಿದೀಯ? ನೋಡಿ ಬಾರಿಸ್ತಾ ಇದ್ಯಾ?"

"ನಿಲ್ಲಿಸಿದ್ರೆ ಅವಳು ಮೇಲಕ್ಕೆ ಎದ್ದು ಬರ್ತಿದ್ಲಾ? ಆ ಕೂಗು ಮುಗಿಯೋ ಜಾಗದಲ್ಲಿ ನನ್ನ ಟ್ರ್ಯಾಕ್ ಶುರುವಾಗುತ್ತೆ. ಅದನ್ನ ತೆಗೆದ್ರೆ ನನ್ನದು ಸಪ್ಪೆ. ಇರಲಿ ಬಿಡು."

ಜುಟ್ಟುವಿನ ಮೇಲೆ ಬಂದದ್ದು ಸಿಟ್ಟು. ಇವನ ಮೇಲೆ ಬಂದದ್ದು ಅಸಹ್ಯ. ಆದರೆ ಆ ಹೊತ್ತಿನಲ್ಲೇ ತಂತಿಯಕ್ಕನಿಗೆ ಇನ್ನೊಂದು ಹೊಳೆಯಿತು. ಇವನು ನೋಡಿ ಬಾರಿಸಿದ, ತಾನು ನೋಡಿ ಸಹಿ ಹಾಕಿದೆ. ತೂಕದಲ್ಲಿ ವ್ಯತ್ಯಾಸವೆಷ್ಟು? ಆ ಮಧ್ಯಾಹ್ನ ಆಕೆ ಕ್ಲಬ್ಬಿನ ಬಚ್ಚಲಿಗೆ ಹೋಗಿ ಮೂರು ಸಲ ಮುಖ ತೊಳೆದಳು.

ಮನೆಗೆ ಬಂದು ಅತ್ತೆಗೆ ಎಲ್ಲ ಹೇಳಿದಳು, ಸಹಿಯ ವಿಷಯವನ್ನೂ. ಏಳು ತಿಂಗಳು ಮುಚ್ಚಿಟ್ಟಿದ್ದು ಅದೊಂದನ್ನೇ. ಅತ್ತೆ ಹೊಲಿಯುತ್ತಿದ್ದ ದಿಂಬಿನ ಕವರು ಕೆಳಗಿಡಲಿಲ್ಲ.

"ಅದನ್ನ ಅಲ್ಲಿಂದ ತೆಗೆದುಹಾಕ್ತೀನಿ ಅತ್ತೆ. ಫೈಲ್ ಕೆಟ್ಟೋಯ್ತು ಅಂತೀನಿ."

"ನೀನ್ಯಾರು ತೆಗೆಯೋಕೆ? ಸಹಿ ಹಾಕೋವಾಗ ಅವಳನ್ನ ಕೇಳಲಿಲ್ಲ. ಈಗ್ಲಾದ್ರೂ ಕೇಳು."

"ಯಾವ ಮುಖ ಇಟ್ಕೊಂಡು ಹೋಗ್ಲಿ?"

"ಇರೋ ಮುಖ ಇಟ್ಕೊಂಡೇ ಹೋಗು. ಇನ್ನೊಂದನ್ನ ಎಲ್ಲಿಂದ ತರ್ತೀಯ" ಅಂದು ಅತ್ತೆ ದಾರ ಕಚ್ಚಿ ತುಂಡು ಮಾಡಿದಳು.

ಗುಬ್ಬಿಯ ಮನೆ ಎರಡನೆಯ ಮಹಡಿಯಲ್ಲಿ ಒಂದೇ ಕೋಣೆ. ಹತ್ತಿ ಇಳಿಯಲಾಗದ್ದರಿಂದ ಅವಳು ಏಳು ತಿಂಗಳಲ್ಲಿ ಬೀದಿಗೆ ಬಂದದ್ದು ಆಸ್ಪತ್ರೆಗೆ ಹೋಗುವಾಗ ಮಾತ್ರ. ಕಿಟಕಿಯ ಬಳಿ ಕೂತು, ಅಂಗಡಿಗೆ ಹೋಗುವ ಗುಂಡಿಗಳನ್ನು ರಟ್ಟಿಗೆ ಪೋಣಿಸುತ್ತಿದ್ದಳು. ಒಂದು ರಟ್ಟಿಗೆ ಆರು. ತಂತಿಯಕ್ಕ ಬಾಗಿಲಲ್ಲಿ ನಿಂತಾಗ ಅವಳು ತಲೆ ಎತ್ತಿ ನೋಡಿ, ಪೋಣಿಸುತ್ತಿದ್ದ ರಟ್ಟು ಮುಗಿಸಿ, ಆಮೇಲೆ "ಬಾ" ಅಂದಳು.

"ನಿಮ್ಮನೆಯೋರು?"

"ಬೇಕರಿಗೆ ಹೋಗಿದ್ದಾರೆ. ಒಳ್ಳೇ ಮನುಷ್ಯ, ಒಂದು ಮಾತು ಅನ್ನಲ್ಲ. ಹತ್ತಿರ ಬಂದಾಗ ಮಾತ್ರ ಮೂಸ್ತಾರೆ." ಗುಬ್ಬಿ ಇನ್ನೊಂದು ರಟ್ಟು ಎತ್ತಿಕೊಂಡಳು. "ಬೈದಿದ್ರೆ ತಿರುಗಿ ಬೈಬೋದಿತ್ತು. ಮೂಸೋರಿಗೆ ಏನಂತ ಹೇಳ್ಲಿ?"

ತಂತಿಯಕ್ಕ ಬಂದ ವಿಷಯ ಹೇಳಿ ಹೆಡ್‌ಫೋನ್ ಕೊಟ್ಟಳು. ಗುಬ್ಬಿ ಒಮ್ಮೆ ಕೇಳಿದಳು. ಇನ್ನೊಮ್ಮೆ ಹಾಕು ಅಂದಳು. ಮೂರನೆಯ ಸಲ ಮುಗಿದ ಮೇಲೆ ಹೆಡ್‌ಫೋನ್ ತೆಗೆದು ಮಡಿಲಲ್ಲಿ ಇಟ್ಟುಕೊಂಡಳು.

"ಈ ಕೂಗು ನಿಂದು."

"ಹೂಂ."

"ನನ್ನ ಹೆಸರು ಹಿಡಿದು ಇಷ್ಟು ಜೋರಾಗಿ ಕೂಗಿದೀಯ. ಮೂರೇ ದಿನಕ್ಕೆ ಕಂಡಿಲ್ಲ ಅಂತ ಬರ್ಕೊಟ್ಯಾ?"

ತಂತಿಯಕ್ಕ ಬಗ್ಗಿದಳು. ನೆಲಕ್ಕೆ ಬಿದ್ದಿದ್ದ ಒಂದು ಗುಂಡಿ ಎತ್ತಿ ಕೊಟ್ಟಳು. ಗುಬ್ಬಿ ಅದನ್ನು ತೆಗೆದುಕೊಂಡಳು.

"ತೆಗೆದುಬಿಡ್ತೀನಿ ಗುಬ್ಬಿ. ಇದಕ್ಕೆ ಜನ ಕುಣಿಯೋದು ನನ್ನಿಂದ ನೋಡೋಕಾಗಲ್ಲ."

"ನಿನಗೆ ನೋಡೋಕಾಗಲ್ಲ ಅಂತ ತೆಗೀತೀಯಾ? ಅವತ್ತೂ ಕುಣಿದೋರೇ ಅವರು." ಗುಬ್ಬಿ ಆ ಗುಂಡಿಯನ್ನು ರಟ್ಟಿಗೆ ಪೋಣಿಸಿ, "ಕವರ್ ಮೇಲೆ ಏನಂತ ಬರೀತಾರೆ?" ಅಂದಳು.

"ಆ ಶನಿವಾರದ ತಾರೀಕು, ಶುರುವಾದದ್ದು ರಾತ್ರಿ ಹನ್ನೊಂದಕ್ಕೆ ಅಂತ, ಕ್ಲಬ್ಬಿನ ಹೆಸರು. ಅಂದಿನ ರಾತ್ರಿ ಆದದ್ದು ಆದ ಹಾಗೆ, ಒಂದು ಹೊಲಿಗೆಯೂ ಇಲ್ಲ ಅಂತ."

"ಯಾರು ಸಹಿ ಹಾಕ್ತಾರೆ?"

"ಅವರಿಬ್ಬರು. ಜೊತೆಗೆ ಮಾಲೀಕ. ದೊಡ್ಡದಾಗಿ."

ಗುಬ್ಬಿ ನಕ್ಕಳು. ನಗು ಸೊಂಟಕ್ಕೆ ಇಳಿದು ನೋವಾಗಿ ಕೈ ಒತ್ತಿಹಿಡಿದುಕೊಂಡಳು. "ತಂತಿಯಕ್ಕ, ಇದನ್ನ ನೀನು ಕಚೇರಿಗೆ ತಗೊಂಡು ಹೋಗಿದ್ರೆ, ಅವಳು ಮನೇಲಿ ಕೂತು ಮಾಡಿದ್ದು ಅಂತಿದ್ರು. ಅದು ನಿನ್ನ ಕಸುಬು ತಾನೇ. ಈಗ ಅವನೇ ಅಚ್ಚು ಹಾಕಿಸಿ, ಸಹಿ ಹಾಕಿ, ಇದು ನಿಜ ನಿಜ ಅಂತ ಊರಿಗೆಲ್ಲ ಮಾರ್ತಾನೆ. ನೀನು ತೆಗೆಯೋದು ಬೇಡ. ಆ ಪಟ್ಟಿ ಹರಿಯೋ ಸದ್ದು ಕಿವುಡರಿಗೂ ಕೇಳೋ ಹಾಗೆ ಮಾಡು."

"ನಾನು ಹೋಗಿ ಸುಳ್ಳು ಸಹಿ ಹಾಕಿದೆ ಅಂತ ಹೇಳ್ಬೇಕಾಗುತ್ತೆ."

"ಹೇಳ್ಬೇಕಾಗುತ್ತೆ" ಅಂದಳು ಗುಬ್ಬಿ. ಸಮಾಧಾನದ ಒಂದು ಮಾತನ್ನೂ ಸೇರಿಸಲಿಲ್ಲ.

ತಂತಿಯಕ್ಕ ಬಂದು ಕೆಲಸ ಮುಗಿಸಿದಳು. ಆಲ್ಬಮ್ಮಿನ ಉಳಿದ ಭಾಗದಲ್ಲಿ ಎಷ್ಟು ಕತ್ತರಿಸಿದಳೋ ಎಷ್ಟು ಹೊಲಿದಳೋ, ಆ ಶನಿವಾರದ ಮೂರು ನಿಮಿಷಕ್ಕೆ ಮಾತ್ರ ಕತ್ತರಿ ತಾಗಿಸಲಿಲ್ಲ. ಹೊರಗಿಂದ ಒಂದು ಸದ್ದು ಸೇರಿಸಲಿಲ್ಲ, ಒಂದು ಉಸಿರು ತೆಗೆಯಲಿಲ್ಲ. ಹೆಂಗಸಿನ ಕೂಗು ಮತ್ತೆ ಮತ್ತೆ ಬರಲಿ ಅಂದಿದ್ದ ಜುಟ್ಟುವಿಗೆ, "ಹೊಲಿಗೆ ಇಲ್ಲ ಅಂತ ಬರೀತೀಯ, ಒಂದೇ ಕೂಗು ಮೂರು ಸಲ ಬಂದ್ರೆ ಮಗುವಿಗೂ ಗೊತ್ತಾಗುತ್ತೆ" ಅಂದಳು. ಅವನಿಗೆ ಅದು ಸರಿ ಅನ್ನಿಸಿತು. ಮೂರು ಚಪ್ಪಾಳೆ ಜೋರು ಮಾಡು ಅಂದದ್ದಕ್ಕೆ ಮಾತ್ರ ಆಕೆ ಎದುರಾಡಲಿಲ್ಲ. ಆ ರಾತ್ರಿಯ ರೆಕಾರ್ಡು ಅಳಿಸಿಹೋಗಿದೆ ಅಂತಲೇ ನಂಬಿದ್ದ ಮಾಲೀಕ ಆಲ್ಬಂ ಕೇಳಲೇ ಇಲ್ಲ. ಅವನಿಗೆ ಕವರಿನ ಮೇಲೆ ತನ್ನ ಸಹಿ ಬಂಗಾರದ ಬಣ್ಣದಲ್ಲಿ ಬರಬೇಕಿತ್ತು, ಬಂತು.

ಆಲ್ಬಂ ಓಡಿತು. ಓಡುವುದೆಂದರೆ ಬಸ್ಸಿನಲ್ಲಿ, ಬಟ್ಟೆಯಂಗಡಿಯಲ್ಲಿ, ವ್ಯಾಯಾಮಶಾಲೆಯಲ್ಲಿ ಅದೇ. ಕ್ಷೌರದಂಗಡಿಯ ಮುಂದೆ ಹಾದುಹೋಗುವಾಗ ತಂತಿಯಕ್ಕನಿಗೆ ತನ್ನದೇ ಕೂಗು ಕೇಳಿಸಿತು. ಕತ್ತರಿ ಹಿಡಿದವನೂ ಕತ್ತು ಬಗ್ಗಿಸಿದವನೂ ಸೇರಿ, ಆ ಜಾಗ ಬರುತ್ತಿದ್ದಂತೆ ಪಟ್ ಪಟ್ ಪಟ್ ಅಂತ ಮೂರು ಚಪ್ಪಾಳೆ ತಟ್ಟಿ 'ಹೋ' ಅಂದರು. ಆಕೆ ಚರಂಡಿಯ ಪಕ್ಕ ನಿಂತು ಉಗಿದಳು. ಬಾಯಲ್ಲಿ ಏನೂ ಇರಲಿಲ್ಲ, ಆದರೂ ಉಗಿದಳು.

ಮರುದಿನ ಆಲ್ಬಮ್ಮಿನ ಒಂದು ಪ್ರತಿ, ಆ ರಾತ್ರಿಯ ಮೂಲ ರೆಕಾರ್ಡು ಮತ್ತು ತನ್ನ ಕೈಬರಹದ ಎರಡು ಪುಟದ ಹೇಳಿಕೆ ತೆಗೆದುಕೊಂಡು ಕಾರ್ಮಿಕ ಕಚೇರಿಗೆ ಹೋದಳು. ಕಡತ ಮುಚ್ಚಿದ್ದ ಅದೇ ಅಧಿಕಾರಿ. ಹೇಳಿಕೆ ಓದಿ, ಚಾಳೀಸಿನ ಮೇಲಿಂದ ನೋಡಿದ.

"ಹಿಂದೆ ಕೊಟ್ಟಿದ್ದು ಸುಳ್ಳು ಅಂತ ನೀವೇ ಬರೆದಿದ್ದೀರಿ. ಇದು ನಿಮ್ಮ ಮೇಲೂ ಬರುತ್ತಮ್ಮ."

"ಬರಲಿ ಸಾರ್."

"ಇಷ್ಟು 'ಬರಲಿ' ಅವತ್ತೇ ಇದ್ದಿದ್ರೆ ನನಗೆ ಒಂದು ಕಡತ ಕಮ್ಮಿಯಾಗ್ತಿತ್ತು" ಅಂದ. ಅವನಿಗೆ ತನ್ನ ಕಡತದ ಚಿಂತೆ.

ಎರಡು ವಾರದ ಮೇಲೆ ಎಲ್ಲರನ್ನೂ ಕರೆಸಿದ. ಗುಬ್ಬಿಯನ್ನು ಕುರ್ಚಿ ಸಮೇತ ಎತ್ತಿಕೊಂಡು ಬಂದು ಕೂರಿಸಿದ್ದರು. ಮಾಲೀಕ, ಜುಟ್ಟು, ಕನ್ನಡಕ ಎದುರಿಗೆ. ಅಧಿಕಾರಿ ಮೇಜಿನ ಮೇಲೆ ಸಣ್ಣ ಸ್ಪೀಕರ್ ಇಟ್ಟು ಆಲ್ಬಂ ಹಾಕಿದ. ಬಡಿತ ಶುರುವಾಗುತ್ತಿದ್ದಂತೆ ಅವನ ಪಾದ ತಾಳ ಹಾಕತೊಡಗಿತು. ಗುಬ್ಬಿ ಆ ಪಾದವನ್ನೇ ನೋಡುತ್ತಿದ್ದಳು. ನಲವತ್ತೇಳನೆಯ ನಿಮಿಷ ಬಂತು. ಪಟ್, ಪಟ್, ಪಟ್. ಕಬ್ಬಿಣ ಕಿರುಗುಟ್ಟಿತು. ಗಾಜು. "ಗುಬ್ಬೀ". ಪಾದ ನಿಂತಿತು.

ಮಾಲೀಕನಿಗೆ ಮೊದಲು ಅರ್ಥವಾಯಿತು. "ಸಾರ್, ಇದೆಲ್ಲ ಇವಳು ಹೊಲಿದಿರೋದು. ಆಲ್ಬಂ ಅಂದ್ರೆ ಹಾಗೇ ಸಾರ್, ಎಲ್ಲೆಲ್ಲಿಂದಲೋ ತಂದು ಅಂಟಿಸೋದು. ನಿಜದ್ದಲ್ಲ."

"ಏನಂದ್ರಿ?" ಜುಟ್ಟು ಕುರ್ಚಿಯಿಂದ ಅರ್ಧ ಎದ್ದ. "ಅಂಟಿಸೋದಾ? ಆ ಜಾಗ ನನ್ನದು. ಶನಿವಾರ, ಜನರ ಮುಂದೆ, ಈ ಎರಡು ಕೈಯಲ್ಲಿ ಬಾರಿಸಿದ್ದು. ಒಂದು ಹೊಲಿಗೆ ಇದ್ರೆ ಈ ಜುಟ್ಟು ಬೋಳಿಸ್ತೀನಿ."

"ಸುಮ್ನಿರಯ್ಯ" ಅಂದ ಮಾಲೀಕ.

"ಯಾಕ್ ಸುಮ್ನಿರ್ಲಿ? ನಾಳೆ ಪೇಪರಿನೋರು ನನ್ನ ನಕಲಿ ಅಂದ್ರೆ ನೀವು ಬರ್ತೀರಾ?" ಅಧಿಕಾರಿಯ ಕಡೆ ತಿರುಗಿ, "ಬರ್ಕೊಳಿ ಸಾರ್. ಹನ್ನೊಂದೂ ನಲವತ್ತೇಳು. ಕ್ಲಬ್ ತುಂಬಿತ್ತು. ಕೂಗು ಅಸಲಿ" ಅಂದ.

ಅಧಿಕಾರಿ ಬರೆದುಕೊಂಡ. ಆಮೇಲೆ ತಂತಿಯಕ್ಕನನ್ನು ಕೇಳಿದ. "ನೀವು ಹೇಳಿ. ಇದರಲ್ಲಿ ಹೊಲಿಗೆ ಇದೆಯಾ, ಇಲ್ವಾ?"

ಇಲ್ಲ ಅಂದಿದ್ದರೆ ಕೆಲಸ ಸುಲಭವಾಗುತ್ತಿತ್ತು. ಆಕೆಗೆ ಇನ್ನೊಂದು ಸುಳ್ಳು ನುಂಗುವಷ್ಟು ಹೊಟ್ಟೆಯಲ್ಲಿ ಜಾಗವಿರಲಿಲ್ಲ. "ಇದೆ ಸಾರ್. ನಲವತ್ತಮೂರು ಕಡೆ ಇದೆ. ಎಲ್ಲೆಲ್ಲಿ ಅಂತ ಹೇಳಿಕೆಯಲ್ಲಿ ಬರ್ಕೊಟ್ಟಿದೀನಿ. ಆ ಮೂರು ನಿಮಿಷದಲ್ಲಿ ಸದ್ದು ಸ್ವಲ್ಪ ಜೋರು ಮಾಡಿದೀನಿ, ಅಷ್ಟೇ. ಹೊಲಿಗೆ ಒಂದೂ ಇಲ್ಲ. ಮೂಲ ರೆಕಾರ್ಡು ನಿಮ್ಮ ಮೇಜಿನ ಮೇಲಿದೆ, ಹೋಲಿಸಿ ನೋಡಿ."

"ನಲವತ್ತಮೂರಾ?" ಅಂದ ಜುಟ್ಟು, ಪೆಟ್ಟು ತಿಂದವನಂತೆ.

"ಅದರಲ್ಲಿ ನಿಂದು ಇಪ್ಪತ್ತಾರು" ಅಂದ ಕನ್ನಡಕ. ಆ ದಿನ ಅವನು ಆಡಿದ್ದು ಅದೊಂದೇ ಮಾತು.

ಮೂಲವನ್ನು ಹಾಕಿ ಮತ್ತೆ ಕೇಳಿದರು. ಜುಟ್ಟು ಈ ಸಲ ಕಣ್ಣು ಮುಚ್ಚಲಿಲ್ಲ. ಹೆಸರಿನ ಕೂಗು ಬಂದಾಗ ಗುಬ್ಬಿಯ ಕಡೆ ತಿರುಗಿದ. ಅವಳ ಕುರ್ಚಿ, ಅವಳ ಕೋಲು, ಪಕ್ಕಕ್ಕೆ ವಾಲಿ ಕೂತ ಅವಳ ಮೈ. "ಹಾಗಾದ್ರೆ ಆ ಕೂಗು..." ಅಂದ. ಅವನ ಮುಖದ ಮೇಲೆ ಬಂದ ದುಃಖ ಗುಬ್ಬಿಗಾಗಿಯೋ ಕೈತಪ್ಪಿದ ಹೊಗಳಿಕೆಗಾಗಿಯೋ ತಂತಿಯಕ್ಕನಿಗೆ ತಿಳಿಯಲಿಲ್ಲ. ತಿಳಿದುಕೊಳ್ಳುವ ಆಸೆಯೂ ಇರಲಿಲ್ಲ.

ಸಹಿ ಹಾಕಿದ್ದ ಉಳಿದ ಹದಿಮೂರು ಜನರಲ್ಲಿ ಒಂಬತ್ತು ಜನರಿಗೆ ಆ ವಾರವೇ ನೆನಪು ಮರಳಿತು. ಕೆಲವರ ನೆನಪು ಗಾಳಿ ಬೀಸುವ ಕಡೆಗೇ ಬೆಳೆಯುತ್ತದೆ. ಕ್ಲಬ್ಬಿನವರು ತಂತಿಯಕ್ಕನನ್ನು ಕೆಲಸದಿಂದ ತೆಗೆದರು. ಆಲ್ಬಂ ಮಾತ್ರ ಇನ್ನಷ್ಟು ಓಡಿತು. ಸುದ್ದಿ ಪತ್ರಿಕೆಯಲ್ಲಿ ಬಂದ ಮೇಲೆ ಜನ 'ಆ ಜಾಗ' ಕೇಳಲೆಂದೇ ಹಾಕಿಕೊಳ್ಳುತ್ತಿದ್ದರು. ಕನ್ನಡಕ ಒಂದು ಸಂದರ್ಶನದಲ್ಲಿ, ಅಂದಿನ ನೋವನ್ನು ಸಂಗೀತವಾಗಿ ಹಿಡಿದಿಟ್ಟಿದ್ದೇವೆ ಅಂತ ಹೇಳಿಕೊಂಡ. ಓದುವಾಗ ಅತ್ತೆ, "ಇವನ ನಾಲಿಗೆ ಮೇಲೆ ಫಿನಾಯಿಲ್ ಹಾಕ್ಬೇಕು" ಅಂದು ಆ ಪುಟವನ್ನು ಕಸದ ಬುಟ್ಟಿಯ ತಳಕ್ಕೆ ಹಾಸಿದಳು.

ಗಾಯ ಕೆಲಸದ ಮೇಲೆ ಆದದ್ದು, ಕುಡಿದಿದ್ದಳು ಅನ್ನುವುದು ಸುಳ್ಳು ಅಂತ ಕಾರ್ಮಿಕ ಕಚೇರಿಯ ಆದೇಶದ ಕಾಗದ ಬಂದ ದಿನ ಗುಬ್ಬಿ ತಂತಿಯಕ್ಕನಿಗೆ ಹೇಳಿ ಕಳಿಸಿದಳು. ಮೆಟ್ಟಿಲಿಳಿಯಲು ಒಂದು ಭುಜ ಬೇಕಿತ್ತು. ಒಂದೊಂದೇ ಮೆಟ್ಟಿಲು, ಮೂವತ್ತೆರಡು ಮೆಟ್ಟಿಲು, ನಡುವೆ ಎರಡು ಸಲ ಕೂತು ಇಳಿದರು. ಕ್ಷಮಿಸಿದೆ ಅಂತ ಗುಬ್ಬಿ ಅನ್ನಲಿಲ್ಲ, ತಂತಿಯಕ್ಕ ಕೇಳಲೂ ಇಲ್ಲ. ಭುಜದ ಮೇಲೆ ಬಿದ್ದ ಭಾರವಷ್ಟೇ ನಿಜ.

ಬೇಕರಿ ಬೀದಿಯ ಕೊನೆಯಲ್ಲಿತ್ತು. ಹಿಟ್ಟು ಕಲಸುವ ಯಂತ್ರ ಗಡಗಡ ತಿರುಗುತ್ತಿತ್ತು. ಗುಬ್ಬಿಯ ಗಂಡ ಮೊಣಕೈವರೆಗೆ ಹಿಟ್ಟು ಮೆತ್ತಿಕೊಂಡು ಬಾಗಿಲಿಗೆ ಬಂದ. ಹೆಂಡತಿ ಬೀದಿಯಲ್ಲಿ ನಿಂತದ್ದನ್ನು ಕಂಡು ಗಾಬರಿಯಾಗಿ, "ಇಲ್ಲಿಗ್ಯಾಕೆ ಬಂದೆ? ಸಂಜೆ ಮನೆಗೆ ಬರ್ತಿದ್ನಲ್ಲ" ಅಂದ.

"ಇಲ್ಲೇ ಓದಿ."

ಅವನು ಕಾಗದ ಹಿಡಿದು ತುಟಿಯಲ್ಲೇ ಓದಿಕೊಳ್ಳತೊಡಗಿದ. ಬೆರಳಿನ ಹಿಟ್ಟು ಅಕ್ಷರದ ಮೇಲೆ ಉದುರಿತು. ಒಲೆಯ ಹತ್ತಿರವಿದ್ದ ನಾಲ್ಕು ಕೆಲಸಗಾರರು ಕೈ ಒರೆಸಿಕೊಳ್ಳುತ್ತ ಹತ್ತಿರ ಬಂದರು. ಓದುತ್ತ ಓದುತ್ತ ಅವನ ಕಿವಿ ಕೆಂಪಾದವು. ಕಾಗದ ಮಡಚಲು ಹೋದ.

"ಮಡಚಬೇಡಿ" ಅಂದಳು ಗುಬ್ಬಿ. "ಆ ಯಂತ್ರ ನಿಲ್ಲಿಸಿ, ಗಟ್ಟಿಯಾಗಿ ಓದಿ."

ಒಬ್ಬ ಹೋಗಿ ಯಂತ್ರ ನಿಲ್ಲಿಸಿದ. ಗಂಡ ಗಂಟಲು ಸರಿಮಾಡಿಕೊಂಡು ಮೊದಲ ಸಾಲಿನಿಂದ ಓದಲು ಶುರುಮಾಡಿದ.